ಏರಿಯಲ್ಲೋ ಹೆಲ್ವೆಟಿಕಾನೋ? ಮೊದಲು 1 ನೋಡಿ

ಏರಿಯಲ್, ಹೆಲ್ವೆಟಿಕಾ ಅನ್ನೋ ಇಂಗ್ಲಿಷ್ ಫಾಂಟುಗಳು (ಅಕ್ಷರದ ವಿನ್ಯಾಸಗಳು) ಎರಡೂ ಒಂದೇ ಥರ ಕಾಣುತ್ತವೆ, ಗುರುತು ಹಿಡಿಯೋದು ಹೇಗೆ ಅಂತ ಕೇಳಿದ್ದೀರಿ ಅಲ್ವಾ? ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೋರ್ಡು, ಸ್ಟಿಕ್ಕರ್ ಕೆಲಸ ಮಾಡುತ್ತೇನೆ. ಇದನ್ನು ನನಗೆ ಕಲಿಸಿದ್ದು ಮುಂಬೈನ ಮಾಟುಂಗಾದ ಒಬ್ಬ ಹೋಟೆಲ್ ಧಣಿ.

ಅವರ ರೇಟ್ ಬೋರ್ಡು ಹಳೇದು, ಹೆಲ್ವೆಟಿಕಾದ್ದು. ನಾಲ್ಕೈದು ತಿಂಡಿಗಳ ರೇಟ್ ಏರಿತ್ತು, ಅಷ್ಟಕ್ಕೆ ಮಾತ್ರ ಹೊಸ ಅಂಕಿ ಬೇಕಿತ್ತು. ನನ್ನ ಕಂಪ್ಯೂಟರಿನಲ್ಲಿ ಹೆಲ್ವೆಟಿಕಾ ಇರಲಿಲ್ಲ. ಯಾರು ನೋಡ್ತಾರೆ ಅಂತ ಏರಿಯಲ್‌ನಲ್ಲೇ ಕಟ್ ಮಾಡಿ ಅಂಟಿಸಿ ಬಂದೆ. ಜಾಗಕ್ಕೆ ಸರಿಯಾಗಿ ಕೂತಿತ್ತು ಕೂಡ. ಸಂಜೆ ಫೋನು: "ಎಂತ ಮಾರಾಯ, ಮಸಾಲೆ ದೋಸೆಯ ಒಂದಕ್ಕೆ ಮೂಗು ಬೇರೆ ಉಂಟಲ್ಲ?"

ಹೋಗಿ ನೋಡಿದರೆ ನಿಜ. ಹೆಲ್ವೆಟಿಕಾದ 1ರ ಮೂಗು, ಅಂದರೆ ತಲೆಯಿಂದ ಎಡಕ್ಕೆ ಚಾಚಿದ ಪುಟ್ಟ ಗೀಟು, ಬಾಗಿ ಬಂದು ಅಡ್ಡಕ್ಕೆ ನಿಲ್ಲುತ್ತದೆ. ಏರಿಯಲ್‌ನಲ್ಲಿ ಓರೆಯಾಗಿ ಕೆಳಗೆ ಜಾರುತ್ತದೆ. ಪಕ್ಕದ ಸಾಲಿನಲ್ಲೇ ಹಳೇ 1 ಇತ್ತು, ತಪ್ಪಿಸಿಕೊಳ್ಳೋ ಹಾಗೇ ಇರಲಿಲ್ಲ.

ಜಾಗಕ್ಕೆ ಕೂತಿದ್ದು ಸುಮ್ನೆ ಅಲ್ಲ. ಹೆಲ್ವೆಟಿಕಾ 1957ರ ಸ್ವಿಸ್ ಫಾಂಟು, ಏರಿಯಲ್ 1982ರಲ್ಲಿ ಮೊನೊಟೈಪ್ ಅನ್ನೋ ಫಾಂಟ್ ಕಂಪನಿಯವರು ಮಾಡಿದ್ದು. ಒಂದೊಂದು ಅಕ್ಷರದ ಅಗಲವೂ ಎರಡರಲ್ಲೂ ಒಂದೇ. ಹಾಗಾಗಿ ಗಿರಾಕಿ ಕರ್ವ್ ಮಾಡದೆ (ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಿಸದೆ) ಫೈಲ್ ಕಳಿಸಿ, ಇಲ್ಲಿ ಫಾಂಟ್ ಬದಲಾಗಿಬಿಟ್ಟರೂ ಒಂದು ಸಾಲೂ ಕದಲೋದಿಲ್ಲ, ಪ್ರಿಂಟ್ ಆಗಿ ಬಂದ ಮೇಲೇ ಗೊತ್ತಾಗೋದು.

ಅಗಲ ಬಿಡಿ, ಗೀಟು ಎಲ್ಲಿ ಮುಗಿಯುತ್ತದೆ ಅಂತ ನೋಡಿ. ಇಂಗ್ಲಿಷಿನ ಸಣ್ಣ ಟಿ ತಲೆ ಹೆಲ್ವೆಟಿಕಾದಲ್ಲಿ ಮಟ್ಟವಾಗಿ ಕತ್ತರಿಸಿದ ಹಾಗಿರುತ್ತದೆ, ಏರಿಯಲ್‌ನಲ್ಲಿ ಓರೆ. ದೊಡ್ಡ ಸಿ ತುದಿಗಳೂ ಹಾಗೇ. ದೊಡ್ಡ ಆರ್ ಕಾಲು ಹೆಲ್ವೆಟಿಕಾದಲ್ಲಿ ಬಾಗಿ ನೆಟ್ಟಗೆ ಇಳಿಯುತ್ತದೆ, ಏರಿಯಲ್‌ನಲ್ಲಿ ಕಾಲು ಚಾಚಿ ನಿಂತ ಹಾಗೆ. ದೊಡ್ಡ ಜಿ ಬಲಗಡೆ ಕೆಳಗೆ ಹೆಲ್ವೆಟಿಕಾಕ್ಕೆ ಒಂದು ಪುಟ್ಟ ಕೊಕ್ಕೆ ಉಂಟು, ಏರಿಯಲ್‌ಗೆ ಇಲ್ಲ. (ನೋಡಿ, ಧಣಿಯ 'ಉಂಟು' ನನಗೂ ಅಂಟಿದೆ.)

ಆದರೆ ಹೋಟೆಲ್ ಅಂತ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಮಾತ್ರ ಬರೆದಿದ್ದರೆ ನಾನೂ ಸೋಲುತ್ತೇನೆ. ಆ ಐದು ಅಕ್ಷರದಲ್ಲಿ ಹಿಡಿಯೋಕೆ ಏನೂ ಸಿಗೋದಿಲ್ಲ. ನಿಮ್ಮ ಬೋರ್ಡಿನ ಫೋಟೋ ಹಾಕೋದಾದರೆ ಕೆಳಗಿನ ಫೋನ್ ನಂಬರೂ ಬರೋ ಹಾಗೆ ತೆಗೆಯಿರಿ, ಅದರಲ್ಲಿ ಒಂದು 1 ಇದ್ದರೂ ಸಾಕು.