1,500 ರೂಪಾಯಿ ಒಳಗೆ ಮನೆ ಕಂಪ್ಯೂಟರಿಗೆ ಯಾವ ಕಂಪನಿಯ ವೈರ್‌ಲೆಸ್ ಕೀಬೋರ್ಡ್-ಮೌಸ್ ಸೆಟ್ ಒಳ್ಳೆಯದು?

ಮನೆಯಲ್ಲೇ ಕೂತು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಟೇಬಲ್ ಮೇಲಿನ ವೈರುಗಳನ್ನು ನೋಡಿ ಸಾಕಾಗಿದೆ ಅಂತ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ನಾನೂ ಇದೇ ಮಾತು ಹೇಳಿಕೊಂಡು ಅಂಗಡಿಗೆ ಹೋಗಿದ್ದವನು.

ನಾನಿರುವುದು ದಾವಣಗೆರೆಯಲ್ಲಿ, ನಿಟ್ಟುವಳ್ಳಿ ಕಡೆ. ಮೆಕ್ಕೆಜೋಳದ ದಲಾಲಿ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ದೀಪಾವಳಿ ಆಸುಪಾಸಿನಲ್ಲಿ ಹೊಸ ಜೋಳ ಬರಲು ಶುರುವಾದರೆ ಎಪಿಎಂಸಿ ಯಾರ್ಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಗಳೂರು, ಹೊನ್ನಾಳಿ, ಹರಪನಹಳ್ಳಿ ಕಡೆಯಿಂದ ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್. ಹಗಲು ಅಂಗಡಿಯಲ್ಲಿ ತೂಕದ ಚೀಟಿಗಳನ್ನು ದಾರಕ್ಕೆ ಪೋಣಿಸಿಟ್ಟುಕೊಂಡು ಬರುತ್ತಿದ್ದೆ. ರಾತ್ರಿ ಊಟ ಆದ ಮೇಲೆ ಒಂದೊಂದೇ ಬಿಚ್ಚಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿಗೆ ಹಾಕುತ್ತಿದ್ದೆ. ಬೆಳಿಗ್ಗೆ ತೂಕ, ಬರಬೇಕಾದ ದುಡ್ಡು ಬರೆದ ರೈತರ ಪಟ್ಟಿಗಳ ಪ್ರಿಂಟ್ ತೆಗೆದುಕೊಂಡು ಹೋದರೆ ಅದನ್ನು ನೋಡಿಯೇ ಸಾಹುಕಾರರು ದುಡ್ಡು ಎಣಿಸಿ ಕೊಡುತ್ತಿದ್ದರು.

ಆ ವರ್ಷ ಸೀಸನ್ನಿಗೆ ಮುಂಚೆ ಪಿ.ಬಿ. ರಸ್ತೆಯ ಒಂದು ಅಂಗಡಿಯಲ್ಲಿ 1,300 ರೂಪಾಯಿ ಕೊಟ್ಟು ವೈರ್‌ಲೆಸ್ ಸೆಟ್ ತಂದೆ. ಕೀಬೋರ್ಡ್, ಮೌಸ್, ಎರಡಕ್ಕೂ ಸೇರಿ ಉಗುರಿನಷ್ಟು ಚಿಕ್ಕ ಒಂದು ಯುಎಸ್‌ಬಿ ರಿಸೀವರ್. ಅದನ್ನು ಸಿಪಿಯು ಹಿಂದೆ ಚುಚ್ಚಿದೆ. ಅಲ್ಲಿದ್ದರೆ ಮಕ್ಕಳ ಕೈಗೆ ಸಿಗುವುದಿಲ್ಲ, ಮುರಿಯುವುದಿಲ್ಲ ಅಂತ. ಒಂದೂವರೆ ತಿಂಗಳು ಏನೂ ತೊಂದರೆ ಇರಲಿಲ್ಲ.

ಆಮೇಲೆ ಗೆಳೆಯರೊಬ್ಬರ ಕಂಪ್ಯೂಟರ್ ಕೆಟ್ಟು ಎರಡು ವರ್ಷದ ಲೆಕ್ಕ ಹೋಯಿತು. ಅದು ಕೇಳಿ ನನಗೂ ಭಯ ಆಯಿತು. ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ಹಿಂದೆಯೇ ಹಾಕಿದೆ. ಸಿಪಿಯು ಹಿಂದೆ ನೀಲಿ ಬಣ್ಣದ ಎರಡು ಪೋರ್ಟ್ ಅಕ್ಕಪಕ್ಕ ಇದ್ದವು. ಒಂದರಲ್ಲಿ ರಿಸೀವರ್, ಇನ್ನೊಂದರಲ್ಲಿ ಹಾರ್ಡ್ ಡಿಸ್ಕ್. ಸೋಮವಾರದಿಂದ ಶುಕ್ರವಾರ ರಾತ್ರಿ ಒಂಬತ್ತಕ್ಕೆ ತಾನಾಗಿಯೇ ಬ್ಯಾಕಪ್ ಆಗುವ ಹಾಗೆ ಇಟ್ಟೆ. ನಾನು ಲೆಕ್ಕ ಬರೆಯಲು ಕೂರುತ್ತಿದ್ದುದೂ ಅದೇ ಒಂಬತ್ತಕ್ಕೆ.

ಅವತ್ತಿನಿಂದ ಮೌಸ್ ಬಾಣ ಕುಪ್ಪಳಿಸಲು ಶುರುವಾಯಿತು. ಕನ್ನಡ ಟೈಪ್ ಮಾಡುವ ‘ನುಡಿ’ ಸಾಫ್ಟ್‌ವೇರಿನಲ್ಲಿ ಊರಿನ ಹೆಸರು ಟೈಪ್ ಮಾಡಿದರೆ ಒಂದೊಂದು ಅಕ್ಷರ ಬೀಳುತ್ತಿರಲಿಲ್ಲ. ನುಡಿಯಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಕೀ ಒತ್ತಬೇಕು, ಗೊತ್ತಲ್ವಾ. ಆ ಒಂದು ಎಫ್ ಬೀಳದಿದ್ದರೆ ಚನ್ನಗಿರಿ ಹೋಗಿ ‘ಚನನಗಿರಿ’ ಆಗುತ್ತದೆ. ಕಣ್ಣಿಗೆ ಕಂಡ ಕೂಡಲೇ ತಿದ್ದುತ್ತಿದ್ದೆ. ಸೆಲ್ ವೀಕ್ ಆಗಿರಬೇಕು ಅಂತ ಬದಲಾಯಿಸಿದೆ. ಹೋಗಲಿಲ್ಲ. ಸೆಟ್ಟೇ ಸರಿಯಿಲ್ಲ ಅಂತ ಬೇರೆ ಕಂಪನಿಯದು, 2,200 ರೂಪಾಯಿಯದು ತಂದೆ. ತಂದಿದ್ದು ಶನಿವಾರ. ಶನಿವಾರ, ಭಾನುವಾರ ಹೂವು ಎತ್ತಿದ ಹಾಗೆ ಕೆಲಸ ಮಾಡಿತು. ಸೋಮವಾರ ರಾತ್ರಿ ಮತ್ತೆ ಅದೇ ಕಥೆ. ಶನಿವಾರ-ಭಾನುವಾರ ಬ್ಯಾಕಪ್ ಇರುವುದಿಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಸೀಸನ್ ಜೋರಾಗಿತ್ತು, ಹಾಗೇ ನಡೆಸಿದೆ.

ನನ್ನ ತಪ್ಪು ಇಲ್ಲೇ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಂಕಿ ಬರೆಯುವವರು. ಅಕ್ಷರ ತಪ್ಪಿದರೆ ತಪ್ಪಿದ್ದು ಕಾಣುತ್ತದೆ. ‘ಚನನಗಿರಿ’ ಅನ್ನುವ ಊರು ಎಲ್ಲೂ ಇಲ್ಲ. ಅಂಕಿ ತಪ್ಪಿದರೆ ಕಾಣುವುದಿಲ್ಲ. ತಪ್ಪು ಅಂಕಿಯೂ ನೋಡಲು ಸರಿ ಅಂಕಿಯ ಹಾಗೆಯೇ ಇರುತ್ತದೆ. ದಿನಾ ರಾತ್ರಿ ಅಕ್ಷರ ಬಿಟ್ಟುಹೋಗುವುದನ್ನು ಕಣ್ಣಾರೆ ನೋಡುತ್ತಿದ್ದೆ. ಅದೇ ಕೀಬೋರ್ಡಿನಲ್ಲಿ ಅಂಕಿಯೂ ಬಿಟ್ಟುಹೋಗುತ್ತಿರಬೇಕು ಅಂತ ಒಂದು ದಿನವೂ ಯೋಚಿಸಲಿಲ್ಲ. ಹೆಸರುಗಳನ್ನು ತಿದ್ದುತ್ತಾ ಹೋದೆ, ಅಂಕಿಗಳನ್ನು ನಂಬಿಕೊಂಡು ಹೋದೆ. ಚೀಟಿಯನ್ನೂ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ಒಂದು ಸಲ ತಾಳೆ ನೋಡಿದ್ದರೆ ಸಾಕಿತ್ತು. ಹದಿನೈದು ನಿಮಿಷದ ಕೆಲಸ. ನಿದ್ದೆ ಬರುತ್ತಿತ್ತು, ಮಾಡಲಿಲ್ಲ.

ಒಬ್ಬ ಹಿರಿಯ ರೈತರ ಪಟ್ಟಿಯಲ್ಲಿ ಎಂಟು ಸಾಲು ತೂಕ ಇತ್ತು. ಅದರಲ್ಲಿ ಒಂದು ಸಾಲು 11.05 ಕ್ವಿಂಟಲ್. ಎರಡು ಸಲ ಒತ್ತಿದ ‘1’ ಒಂದೇ ಸಲ ಬಿತ್ತು. 1.05 ಅಂತ ಕೂತಿತು. ಒಟ್ಟು ತೂಕದಲ್ಲಿ ಸರಿಯಾಗಿ ಹತ್ತು ಕ್ವಿಂಟಲ್ ಕಡಿಮೆ. ಆಗ ರೇಟು ಎರಡು ಸಾವಿರದ ಆಸುಪಾಸು ಇತ್ತು. ಇಪ್ಪತ್ತು ಸಾವಿರ ರೂಪಾಯಿ. ಅವರು ಎಣಿಸಿಕೊಂಡು ಊರಿಗೆ ಹೋದರು. ಹನ್ನೆರಡು ದಿನದ ಮೇಲೆ ಮಗನ ಕೈಲಿ ಚೀಟಿ ಕೂಡಿಸಿ ನೋಡಿ ವಾಪಸ್ ಬಂದರು. ಜಗಳ ಮಾಡಲಿಲ್ಲ. ಪಟ್ಟಿಯನ್ನು ಮೇಜಿನ ಮೇಲಿಟ್ಟು, ‘ತಮ್ಮಾ, ನನ್ನ ಹತ್ತು ಕ್ವಿಂಟಲ್ ಎಲ್ಲಿಗೆ ಹೋತು ಸ್ವಲ್ಪ ನೋಡಪ್ಪ’ ಅಂದರು. ಅಂಗಡಿ ತುಂಬಾ ಜನ ಇದ್ದರು.

ಸಾಹುಕಾರರು ಆಗಲೇ ದುಡ್ಡು ಕೊಟ್ಟು ಕೈ ಮುಗಿದರು. ಆದರೆ ಆ ಹಿರಿಯರು ಮುಂದಿನ ಜೋಳವನ್ನು ಬೇರೆ ಅಂಗಡಿಗೆ ಹಾಕಿದರು, ಅವರ ಜೊತೆ ಅವರ ಊರಿನ ನಾಲ್ಕು ಮನೆಯವರೂ ಹೋದರು. ‘ಬೇಕಂತ ಮಾಡಿದ್ದಲ್ಲ ಅಂತ ನನಗೆ ಗೊತ್ತು. ಅವರಿಗೆ ಹೆಂಗ್ ಹೇಳಲಿ?’ ಅಂತ ಸಾಹುಕಾರರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವರ್ಷ ಅವರ ಅಂಗಡಿಯ ಲೆಕ್ಕ ನನ್ನ ಕೈ ತಪ್ಪಿತು. ಉಳಿದ ಅಂಗಡಿಗಳ ಆ ಸೀಸನ್ನಿನ ಚೀಟಿಗಳನ್ನೆಲ್ಲ ಮತ್ತೆ ತಾಳೆ ನೋಡಲು ಒಂಬತ್ತು ರಾತ್ರಿ ಬೇಕಾಯಿತು. ಇನ್ನೂ ಮೂರು ತಪ್ಪು ಸಿಕ್ಕವು. ಎಲ್ಲವೂ ಬ್ಯಾಕಪ್ ಇದ್ದ ರಾತ್ರಿಯವೇ.

ಕಾರಣ ಕಂಡುಹಿಡಿದಿದ್ದು ಪಕ್ಕದ ಮನೆಯ ಹುಡುಗಿ. ಎಂಜಿನಿಯರಿಂಗ್ ಓದುತ್ತಿದ್ದಳು, ಒಂದು ಪ್ರಿಂಟ್ ಬೇಕು ಅಂತ ಬಂದಿದ್ದಳು. ಮೌಸ್ ಕುಪ್ಪಳಿಸುವುದನ್ನು ನೋಡಿ, ‘ಅಂಕಲ್, ರಿಸೀವರ್ ಎಲ್ಲಿ ಹಾಕಿದ್ದೀರಾ?’ ಅಂದಳು. ಮೊಬೈಲ್ ಟಾರ್ಚ್ ಹಾಕಿ ಸಿಪಿಯು ಹಿಂದೆ ಬಗ್ಗಿ ನೋಡಿದಳು. ನೋಟ್‌ಪ್ಯಾಡ್ ತೆರೆದು, ಒಂದು ದೊಡ್ಡ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಕಾಪಿ ಹಾಕಿ, 11 11 11 ಅಂತ ಒತ್ತುತ್ತಾ ಹೋದಳು. ಪರದೆ ಮೇಲೆ 11 1 11 11 1 ಅಂತ ಬಂತು. ಎರಡನೇ ಸಾಲಿನಲ್ಲಿ ಒಂದು ಕಡೆ ಒಂದು ಅಂಕಿ ಸಿಕ್ಕಿಕೊಂಡು 111111 ಅಂತ ಓಡಿತು. ಹಾರ್ಡ್ ಡಿಸ್ಕ್ ಕಿತ್ತಳು. ಮುಂದಿನ ಹತ್ತು ಸಾಲಿನಲ್ಲಿ ಒಂದೂ ತಪ್ಪಿಲ್ಲ. ಮತ್ತೆ ಹಾಕಿದಳು, ಮತ್ತೆ ಶುರು. ಆ ಸಾಲುಗಳನ್ನು ನೋಡುತ್ತಾ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು.

ಆಗುವುದು ಇಷ್ಟು. ಈ ರಿಸೀವರ್‌ಗಳು 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ ಕೆಲಸ ಮಾಡುತ್ತವೆ. ನೀಲಿ ಪೋರ್ಟ್ ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 3.0. ಅದರಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಡೇಟಾ ಓಡುತ್ತದೆ. ಓಡುವಾಗ ಕನೆಕ್ಟರಿನಿಂದ, ಕೇಬಲ್ಲಿನಿಂದ ರೇಡಿಯೋ ಗದ್ದಲ ಹೊರಗೆ ಸೋರುತ್ತದೆ. ಆ ಗದ್ದಲ 2.4 ಗಿಗಾಹರ್ಟ್ಸ್ ಜಾಗದಲ್ಲೂ ಹರಡಿಕೊಳ್ಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದು ಹೊರಗೆ ಹಾಕಿತ್ತು. ಹಿಟ್ಟಿನ ಗಿರಣಿಯ ಬೆಲ್ಟ್ ಪಕ್ಕ ನಿಂತವರನ್ನು ಬೀದಿಯಿಂದ ಕೂಗಿದರೆ ಅರ್ಧ ಮಾತು ಕೇಳುತ್ತದೆ, ಅರ್ಧ ಕೇಳುವುದಿಲ್ಲ. ನನ್ನ ರಿಸೀವರ್ ಗಿರಣಿ ಪಕ್ಕವೇ ನಿಂತಿತ್ತು. ಜೊತೆಗೆ ನನ್ನದು ಕಬ್ಬಿಣದ ಟೇಬಲ್. ಸಿಪಿಯು ಇಡುವ ಖಾನೆಗೆ ಮೂರು ಕಡೆ ತಗಡು. ಕೀಬೋರ್ಡಿನ ಸಿಗ್ನಲ್ ಆ ತಗಡನ್ನೂ ಸಿಪಿಯು ಡಬ್ಬವನ್ನೂ ಸುತ್ತಿಕೊಂಡು ಹಿಂದಕ್ಕೆ ಹೋಗಬೇಕಿತ್ತು. ಎರಡು ಕಂಪನಿಯ ಸೆಟ್ಟೂ ಚೆನ್ನಾಗಿಯೇ ಇದ್ದವು. ನಾನು ಕೂರಿಸಿದ ಜಾಗ ಸರಿ ಇರಲಿಲ್ಲ.

ಆದ್ದರಿಂದ ‘ಯಾವ ಕಂಪನಿ’ ಅನ್ನುವ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಲಾಜಿಟೆಕ್, ಡೆಲ್, ಎಚ್‌ಪಿ, ಯಾವುದಾದರೂ ತಗೊಳ್ಳಿ. ಅದಕ್ಕಿಂತ ಮೊದಲು ನಿಮಗೆ ವೈರ್‌ಲೆಸ್ ಕೀಬೋರ್ಡ್ ಯಾಕೆ ಬೇಕು ಹೇಳಿ. ಕೀಬೋರ್ಡ್ ಟೇಬಲ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದರ ವೈರನ್ನು ಟೇಬಲ್ ಹಿಂದಕ್ಕೆ ಇಳಿಬಿಟ್ಟು ಒಂದು ಕ್ಲಿಪ್ ಹಾಕಿದರೆ ಆಮೇಲೆ ಅದು ಕಣ್ಣಿಗೂ ಬೀಳುವುದಿಲ್ಲ. ಕೈಗೆ ಅಡ್ಡ ಬರುವುದು ಮೌಸ್ ವೈರು. ಲೆಕ್ಕ ಬರೆಯುವವರಿಗೆ ನನ್ನ ಮಾತು ಒಂದೇ: ಕೀಬೋರ್ಡ್ ವೈರಿನದು, ಮೌಸ್ ವೈರ್‌ಲೆಸ್. ಮೌಸ್ ಒಂದು ಸಲ ತಪ್ಪಿದರೆ ಇನ್ನೊಂದು ಸಲ ಒತ್ತುತ್ತೀರಿ, ಅಷ್ಟೇ. ಎರಡನ್ನೂ ಬೇರೆ ಬೇರೆ ಕೊಂಡರೂ ನಿಮ್ಮ 1,500 ರೂಪಾಯಿ ದಾಟುವುದಿಲ್ಲ. ನಾನು ಈಗ ಬಳಸುವುದು ಹೀಗೇ. ಆ ಎರಡನೇ ಸೆಟ್ಟಿನ ಮೌಸ್ ನನ್ನ ಹತ್ತಿರ ಇದೆ, ಕೀಬೋರ್ಡ್ ಅಟ್ಟದ ಮೇಲಿದೆ.

ಇಲ್ಲ, ಸೆಟ್ಟೇ ಬೇಕು ಅನ್ನುವುದಾದರೆ ಡಬ್ಬದ ಮೇಲಿನ ಬಣ್ಣ ನೋಡಬೇಡಿ. ಬಲಗಡೆ ಅಂಕಿಗಳ ಪ್ಯಾಡ್ ಇದೆಯಾ ನೋಡಿ. ಪುಟ್ಟ ಸೆಟ್ಟುಗಳಲ್ಲಿ ಅದನ್ನೇ ತೆಗೆದುಹಾಕಿರುತ್ತಾರೆ. ಆ ಪ್ಯಾಡ್ ಆನ್ ಇದೆಯೋ ಇಲ್ಲವೋ ತೋರಿಸುವ ನಮ್ ಲಾಕ್ ದೀಪ ಇದೆಯಾ ನೋಡಿ. ಸೆಲ್ ಉಳಿಸಲು ಬಹಳಷ್ಟು ವೈರ್‌ಲೆಸ್ ಕೀಬೋರ್ಡುಗಳಲ್ಲಿ ಆ ದೀಪ ಇರುವುದೇ ಇಲ್ಲ. ದೀಪ ಇಲ್ಲದೆ ಅಂಕಿ ಕೆಲಸ ಕಷ್ಟ. ಬ್ಲೂಟೂತ್ ಸೆಟ್ ಬೇಡ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತ್ ಇರುವುದು ಕಡಿಮೆ. ಇದ್ದರೂ ವಿಂಡೋಸ್ ಶುರುವಾಗುವ ಮೊದಲು ಬರುವ ಬಯಾಸ್ ಪರದೆಯಲ್ಲಿ ಸಾಮಾನ್ಯವಾಗಿ ಅದು ಕೆಲಸ ಮಾಡುವುದಿಲ್ಲ.

ರಿಸೀವರ್ ಕಳೆದುಕೊಳ್ಳಬೇಡಿ. ಕಡಿಮೆ ಬೆಲೆಯ ಸೆಟ್ಟುಗಳಲ್ಲಿ ಅದು ತನ್ನ ಜೋಡಿಯ ಮಾತು ಮಾತ್ರ ಕೇಳುತ್ತದೆ. ಅದು ಹೋದರೆ ಸೆಟ್ಟೇ ಹೋದ ಹಾಗೆ. ಲಾಜಿಟೆಕ್‌ನ ಯೂನಿಫೈಯಿಂಗ್ ಗುರುತಿನ ರಿಸೀವರ್‌ಗೆ ಆರು ಸಾಮಾನಿನವರೆಗೆ ಜೋಡಿಸಬಹುದು, ಕಳೆದರೆ ಬೇರೆ ಕೊಂಡು ಮತ್ತೆ ಜೋಡಿಸಬಹುದು. ಆದರೆ ಆ ಕಂಪನಿಯ ಎಲ್ಲ ಸೆಟ್ಟಿನಲ್ಲೂ ಅದು ಇರುವುದಿಲ್ಲ. ಡಬ್ಬದ ಮೇಲೆ ಗುರುತು ಇದೆಯಾ ನೋಡಿ.

ಸೆಲ್ ಎಷ್ಟು ದಿನ ಬರುತ್ತದೆ ಅಂತಲೂ ಕೇಳಿದ್ದೀರಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದಿನಾ ಬಳಸಿಯೂ ನನ್ನ ಮೌಸ್ ಸೆಲ್ ಏಳೆಂಟು ತಿಂಗಳು ಬರುತ್ತದೆ, ಕೀಬೋರ್ಡಿನದು ಅದಕ್ಕಿಂತ ಜಾಸ್ತಿ ಬರುತ್ತಿತ್ತು. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಮಾತ್ರ ಹಾಕಬೇಡಿ. ಅದರ ಸತುವಿನ ಡಬ್ಬಿಯೇ ಒಳಗಿನಿಂದ ಸವೆಯುತ್ತಾ ಹೋಗುತ್ತದೆ, ಕೊನೆಗೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಸುತ್ತದೆ. ಆಲ್ಕಲೈನ್ ಹಾಕಿ. ಅದೂ ಖಾಲಿಯಾದ ಮೇಲೆ ಒಳಗೇ ಬಿಟ್ಟರೆ ಸೋರುತ್ತದೆ, ತಿಂಗಳುಗಟ್ಟಲೆ ಊರಿಗೆ ಹೋಗುವಾಗ ತೆಗೆದಿಡಿ.

ಇನ್ನು ಮುಖ್ಯವಾದದ್ದು. ವೈರ್‌ಲೆಸ್ ಮೌಸ್ ತಗೊಳ್ಳಿ, ಸೆಟ್ ತಗೊಳ್ಳಿ, ಅದರ ಜೊತೆಗೇ ಒಂದು ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಕೇಳಿ. ನಾನು ತಂದಾಗ ನೂರು ರೂಪಾಯಿ ಕೊಟ್ಟಿದ್ದೆ. ಒಂದು ತುದಿಯನ್ನು ಕಪ್ಪು ಪೋರ್ಟಿಗೆ (ಸಾಮಾನ್ಯವಾಗಿ ಅದು ಯುಎಸ್‌ಬಿ 2.0) ಹಾಕಿ. ಇನ್ನೊಂದು ತುದಿಯನ್ನು ಟೇಬಲ್ ಮೇಲಕ್ಕೆ ತಂದು, ಮಾನಿಟರ್ ಕಾಲಿನ ಪಕ್ಕ ಟೇಪ್ ಹಚ್ಚಿ, ಅದಕ್ಕೆ ರಿಸೀವರ್ ಚುಚ್ಚಿ. ಕೀಬೋರ್ಡಿಗೂ ಅದಕ್ಕೂ ಒಂದು ಗೇಣಿನಿಂದ ಒಂದು ಮೊಳ ಅಂತರ ಇದ್ದರೆ ಸಾಕು. ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಅದರ ಹತ್ತಿರ ಬರಬಾರದು.

ಡಬ್ಬ ಒಡೆದ ದಿನವೇ ಆ ಹುಡುಗಿ ಮಾಡಿದ ಹಾಗೆ ಮಾಡಿ ನೋಡಿ. ಹಾರ್ಡ್ ಡಿಸ್ಕಿಗೆ ಏನಾದರೂ ದೊಡ್ಡದು ಕಾಪಿ ಹಾಕಿ, ನೋಟ್‌ಪ್ಯಾಡಿನಲ್ಲಿ 11 11 11 ಅಂತ ನಿಮ್ಮ ಮಾಮೂಲಿ ವೇಗದಲ್ಲೇ ಇಪ್ಪತ್ತು ಸಾಲು ಒತ್ತಿ. ಒಂದು ಜೋಡಿ ಒಡೆದರೂ ಆ ಕೀಬೋರ್ಡಿನಲ್ಲಿ ಯಾರ ಲೆಕ್ಕವನ್ನೂ ಬರೆಯಬೇಡಿ. ಮೊದಲು ರಿಸೀವರ್ ಜಾಗ ಬದಲಾಯಿಸಿ, ಆಮೇಲೂ ಒಡೆದರೆ ಬಿಲ್ ಹಿಡಿದುಕೊಂಡು ಅಂಗಡಿಗೆ ವಾಪಸ್ ಹೋಗಿ. ನಿಮ್ಮ ಸಿಪಿಯು ಹಿಂಭಾಗದ ಒಂದು ಫೋಟೋ ಇಲ್ಲೇ ಹಾಕಿದರೆ ಯಾವ ಪೋರ್ಟಿಗೆ ಏನು ಹಾಕಬೇಕು ಅಂತ ನೋಡಿ ಹೇಳುತ್ತೇನೆ.