ಹಳ್ಳಿಯ ವಾಲಂಟಿಯರ್ ಫೈರ್ ಕಂಪನಿಯ ಇತಿಹಾಸ ಬರೆದುಕೊಡಿ ಎಂದು ಕೇಳಿದ್ದಾರೆ. ಹೊರಗಿನಿಂದ ಬಂದ ನಾನು ಎಲ್ಲಿಂದ ಶುರು ಮಾಡಲಿ?

ಪೆನ್ಸಿಲ್ವೇನಿಯಾದ ಹಳ್ಳಿಗೆ ಹೊಸದಾಗಿ ಬಂದಿದ್ದೀರಿ. ಅಲ್ಲಿನ ಫೈರ್ ಕಂಪನಿಗೆ 75 ವರ್ಷ ತುಂಬುತ್ತಿದೆ. ಚೀಫ್‌ಗಳ ಪಟ್ಟಿ, ದೊಡ್ಡ ಬೆಂಕಿಗಳ ಪಟ್ಟಿ, ಒಂದು ಪೆಟ್ಟಿಗೆ ತುಂಬ ಹಳೆಯ ಆಲ್ಬಮ್ ನಿಮ್ಮ ಕೈಗೆ ಕೊಟ್ಟಿದ್ದಾರೆ. ಪಟ್ಟಿಗಳನ್ನೇ ಬೆಳೆಸಿದರೆ ಸಾಕೆ, ಹೊರಗಿನವನಾಗಿಯೇ ಇದ್ದು ಬರೆಯಬಹುದೆ ಎಂದೂ ಕೇಳಿದ್ದೀರಿ. ಆ ಪೆಟ್ಟಿಗೆಗೆ ನೀವಿನ್ನೂ ಕೈ ಹಾಕಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಹಾಕಿದ್ದರೆ ದಯವಿಟ್ಟು ಇವತ್ತಿಗೆ ನಿಲ್ಲಿಸಿ. ಇದನ್ನು ಓದಿಯೇ ಮುಂದುವರಿಸಿ.

ನಾನಿರುವುದು ಲ್ಯಾಂಕಾಸ್ಟರ್ ಕೌಂಟಿಯ, ಅಂದರೆ ಜಿಲ್ಲೆಯ, ಒಂದು ಟೌನ್‌ಶಿಪ್‌ನಲ್ಲಿ. ಹೈನುಗಾರಿಕೆ, ಮೆಕ್ಕೆಜೋಳ, ಸುತ್ತ ಬಹಳಷ್ಟು ಆಮಿಶ್ ಮನೆಗಳು, ಅಂದರೆ ಕಾರು ಓಡಿಸದೆ ಹಳೆಯ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರ ಮನೆಗಳು. ನಮ್ಮ ಕಂಪನಿಯ ಖಜಾಂಚಿ ನನ್ನ ಪಕ್ಕದ ಮನೆಯವರು. ನಾನು ಕಂಪ್ಯೂಟರ್ ಕೆಲಸದವನು, ಸ್ಕ್ಯಾನ್ ಮಾಡಲು ಬರುತ್ತದೆ ಎಂಬ ಕಾರಣಕ್ಕೆ ಈ ಜವಾಬ್ದಾರಿ ನನಗೆ ಬಂತು. ನಿಮಗೂ ಬಹುಶಃ ಹಾಗೆಯೇ ಬಂದಿರಬೇಕು.

ಕರ್ನಾಟಕದಲ್ಲಿ ಕೂತು ಇದನ್ನು ಓದುವವರಿಗೆ ಒಂದು ಮಾತು. ನಮ್ಮಲ್ಲಿ ಅಗ್ನಿಶಾಮಕ ಠಾಣೆ ಎಂದರೆ ಸರ್ಕಾರದ್ದು, ಸಿಬ್ಬಂದಿಗೆ ಸಂಬಳ ಉಂಟು. ಇಲ್ಲಿನ ಹಳ್ಳಿಗಳಲ್ಲಿ ಊರವರೇ ಸೇರಿ ಸಂಘ ಕಟ್ಟಿ, ಚಂದಾ ಎತ್ತಿ, ಲಾರಿ ಕೊಂಡು, ಸಂಬಳವಿಲ್ಲದೆ ಬೆಂಕಿ ಆರಿಸುತ್ತಾರೆ. ಅದಕ್ಕೇ ಫೈರ್ ಕಂಪನಿ ಎನ್ನುವುದು. ಪೆನ್ಸಿಲ್ವೇನಿಯಾದ ಫೈರ್ ಕಂಪನಿಗಳಲ್ಲಿ ಶೇ 90ಕ್ಕೂ ಹೆಚ್ಚು ಇಂಥವೇ. 1736ರ ಡಿಸೆಂಬರ್‌ನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಕಟ್ಟಿದರು. ನೀರಿಗೆ ಚರ್ಮದ ಬಕೆಟ್, ಉರಿಯುವ ಮನೆಯಿಂದ ಸಾಮಾನು ಹೊರಗೆ ಸಾಗಿಸಲು ಚೀಲ, ಎರಡನ್ನೂ ಸದಸ್ಯರು ತಮ್ಮ ಖರ್ಚಿನಲ್ಲೇ ಇಟ್ಟುಕೊಳ್ಳಬೇಕಿತ್ತು. ಫಿಲಡೆಲ್ಫಿಯಾ ನಗರ 1871ರಲ್ಲಿ ಸಂಬಳದ ಇಲಾಖೆಗೆ ಬದಲಾಯಿತು. ಹಳ್ಳಿಗಳು ಇವತ್ತಿಗೂ ಹಳೆಯ ಕ್ರಮದಲ್ಲೇ ಇವೆ.

ಆದರೆ ನಿಮ್ಮ ಪುಸ್ತಕವನ್ನು ಫ್ರಾಂಕ್ಲಿನ್‌ನಿಂದ ಶುರು ಮಾಡಬೇಡಿ. ನನ್ನ ಕೈಗೆ ಸಿಕ್ಕ ಇಂಥ ಸ್ಮರಣ ಸಂಚಿಕೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಶುರುವಾಗುತ್ತವೆ. ಊರಿನವರು ಆ ಪುಟಗಳನ್ನು ಮಗುಚಿ ತಮ್ಮ ಅಪ್ಪ, ಅಜ್ಜನ ಹೆಸರು ಹುಡುಕುತ್ತಾರೆ.

ಹೆಸರಿನ ವಿಷಯಕ್ಕೇ ಬರುತ್ತೇನೆ. ನನ್ನ ತಪ್ಪು ನಡೆದದ್ದು ಅಲ್ಲೇ, ಅದನ್ನು ಬಿಡಿಸಿ ಹೇಳಬೇಕು.

ನಮ್ಮ ಪೆಟ್ಟಿಗೆಯಲ್ಲಿದ್ದದ್ದು 1970ರ ದಶಕದಲ್ಲಿ ಎಲ್ಲೆಲ್ಲೂ ಮಾರಾಟವಾಗುತ್ತಿದ್ದ ಬಗೆಯ ಆಲ್ಬಮ್‌ಗಳು. ದಪ್ಪ ರಟ್ಟಿನ ಹಾಳೆ, ಅದರ ಮೇಲೆ ಅಂಟಿನ ಗೆರೆಗಳು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಕಂಪನಿಯ ಮಹಿಳಾ ಘಟಕದ ಒಬ್ಬರು ಹಳೆಯ ಫೋಟೊಗಳನ್ನು ಮನೆಮನೆಯಿಂದ ಕೇಳಿ ತಂದು ಅಂಟಿಸಿದ್ದರು. ಈ ಅಂಟು ಬರಬರುತ್ತ ಹಳದಿಗಟ್ಟಿ ಫೋಟೊವನ್ನೇ ಹಾಳು ಮಾಡುತ್ತದೆ, ಬೇಗ ಬಿಡಿಸಬೇಕು ಎಂದು ಓದಿಕೊಂಡಿದ್ದೆ. ಅದು ನಿಜವೇ. ಡೆಂಟಲ್ ಫ್ಲಾಸ್ ದಾರವನ್ನು ಫೋಟೊದ ಅಡಿಗೆ ತೂರಿಸಿ ನಿಧಾನವಾಗಿ ಆಚೀಚೆ ಎಳೆದರೆ ಹರಿಯದೆ ಬರುತ್ತದೆ, ಅದೂ ನಿಜ. ಹಾಗೆ ಒಂದೊಂದನ್ನೇ ಬಿಡಿಸಿದೆ, ಹಿಂದೆ ಮುಂದೆ ಎರಡೂ ಬದಿ ಸ್ಕ್ಯಾನ್ ಮಾಡಿದೆ, ಬಟ್ಟೆ ಮತ್ತು ಲಾರಿಯ ಮಾದರಿ ನೋಡಿ ಅಂದಾಜಿನ ವರ್ಷ ಹಾಕಿ ಹೊಸ ಕ್ರಮದಲ್ಲಿ ಜೋಡಿಸಿದೆ. ಹಿಂಬದಿ ಹೆಚ್ಚಾಗಿ ಖಾಲಿಯಿತ್ತು. ಅಂದರೆ ಅಡಿಬರಹ ಇಲ್ಲ ಎಂದು ತೀರ್ಮಾನಿಸಿದೆ. ಅಂಟು ತುಂಬಿದ ರಟ್ಟಿನ ಹಾಳೆಗಳನ್ನು ರದ್ದಿಗೆ ಹಾಕಿದೆ.

ಅಡಿಬರಹ ಇದ್ದದ್ದು ಆ ರಟ್ಟಿನ ಮೇಲೆ. ಪೆನ್ಸಿಲ್‌ನಲ್ಲಿ, ಅಂಟಿನ ಗೆರೆಗಳ ನಡುವೆ ಸಣ್ಣ ಅಕ್ಷರದಲ್ಲಿ ಬರೆದದ್ದು ಹಳದಿ ಕಲೆಯಲ್ಲಿ ಮಸುಕಾಗಿತ್ತು. ನನ್ನ ಕಣ್ಣು ಫೋಟೊದ ಮೇಲಿತ್ತೇ ಹೊರತು ಹಾಳೆಯ ಮೇಲಲ್ಲ. ಪುಟವನ್ನು ಪುಟವಾಗಿಯೇ ಮೊದಲು ಒಂದು ಸಲ ಫೋಟೊ ತೆಗೆದಿದ್ದರೆ, ಸಾಧಾರಣ ಫೋನಿನಲ್ಲಾದರೂ ಸರಿ, ಪರದೆಯ ಮೇಲೆ ಹಿಗ್ಗಿಸಿ ಓದಬಹುದಿತ್ತು. ಯಾವ ಫೋಟೊದ ಪಕ್ಕದಲ್ಲಿ ಯಾವುದಿತ್ತು ಎಂಬುದೂ ಉಳಿಯುತ್ತಿತ್ತು. ಒಂದೇ ಬೆಂಕಿಯ ನಾಲ್ಕು ಫೋಟೊ ಒಂದೇ ಪುಟದಲ್ಲಿದ್ದರೆ, ಒಂದರ ಗುರುತು ಸಿಕ್ಕರೆ ಉಳಿದ ಮೂರರದ್ದೂ ಸಿಗುತ್ತದೆ. ನನ್ನ ಅಚ್ಚುಕಟ್ಟಿನ ಹೊಸ ಕ್ರಮದಲ್ಲಿ ಆ ನಾಲ್ಕೂ ಬೇರೆ ಬೇರೆ ಕಡೆ ಹೋಗಿದ್ದವು.

ಇದು ನನಗೆ ಗೊತ್ತಾದದ್ದು ಕರಡು ಪ್ರತಿಯನ್ನು ಠಾಣೆಯಲ್ಲಿ ನೋಡಲು ಇಟ್ಟಾಗ. ಒಬ್ಬ ಆಮಿಶ್ ರೈತರು ಬಂದು, ಮೇವಿನ ಗಿರಣಿ ಸುಟ್ಟಾಗಿನ ಪುಟ ಎಲ್ಲಿ, ಅದರಲ್ಲಿ ನಮ್ಮಪ್ಪನ ಹೆಸರಿತ್ತು ಎಂದು ಕೇಳಿದರು. ಫೋಟೊ ತೋರಿಸಿದೆ. ಇದರಲ್ಲಿ ಅವರಿಲ್ಲ, ಅವರು ಫೋಟೊಗೆ ನಿಲ್ಲುತ್ತಿರಲಿಲ್ಲ, ಹೆಸರು ಕೆಳಗೆ ಬರೆದಿತ್ತು ಎಂದರು.

ಲ್ಯಾಂಕಾಸ್ಟರ್ ಕಡೆಯ ಫೈರ್ ಕಂಪನಿಗಳಲ್ಲಿ ಆಮಿಶ್ ಗಂಡಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಲಾರಿ ಓಡಿಸುವುದಿಲ್ಲ, ಆದರೆ ಹೋಸ್ ಹಿಡಿಯುತ್ತಾರೆ, ಏಣಿ ಹತ್ತುತ್ತಾರೆ. ಬೆಂಕಿಯಲ್ಲಿ ಹೋದ ಬಾರ್ನನ್ನು, ಅಂದರೆ ಹುಲ್ಲು, ದನಕರು ಇಡುವ ದೊಡ್ಡ ಕೊಟ್ಟಿಗೆಯನ್ನು, ಕೆಲವೇ ದಿನಗಳಲ್ಲಿ ನೆರೆಯವರೆಲ್ಲ ಸೇರಿ ಮತ್ತೆ ಎತ್ತಿ ನಿಲ್ಲಿಸುತ್ತಾರೆ. ಫೆಬ್ರುವರಿ, ಮಾರ್ಚ್‌ನಲ್ಲಿ ಮಂಜು ಕರಗಿ ನೆಲ ಕೆಸರಾಗುವ ಹೊತ್ತಿಗೆ ನಡೆಯುವ ಮಡ್ ಸೇಲ್ ಎಂಬ ಹರಾಜುಗಳಲ್ಲಿ ಅವರ ಕೈಕೌದಿ, ಪೀಠೋಪಕರಣ ಮಾರಿದ ಹಣದಿಂದಲೇ ಎಷ್ಟೋ ಕಂಪನಿಗಳ ಖರ್ಚು ಸಾಗುತ್ತದೆ. ವಿಗ್ರಹ ಮಾಡಬಾರದೆಂಬ ಬೈಬಲ್‌ನ ಮಾತು, ತನ್ನನ್ನು ತಾನು ಎತ್ತಿ ತೋರಿಸಿಕೊಳ್ಳಬಾರದೆಂಬ ನಂಬಿಕೆ ಸೇರಿ ಅವರು ಕ್ಯಾಮೆರಾಕ್ಕೆ ಮುಖ ಕೊಡುವುದಿಲ್ಲ. ಆಲ್ಬಮ್ ಮಾಡಿದ ಆ ಹೆಂಗಸಿಗೆ ಇದು ತಿಳಿದಿತ್ತು. ಅದಕ್ಕೇ ಚಿತ್ರದಲ್ಲಿ ಇಲ್ಲದವರ ಹೆಸರನ್ನೂ ಚಿತ್ರದ ಕೆಳಗೆ ಬರೆದಿಟ್ಟಿದ್ದರು, ಇಂಥವರ ಮಗ, ಇಂಥ ಹಳ್ಳದ ಪಕ್ಕದ ತೋಟದವನು ಎಂಬ ಗುರುತಿನ ಸಮೇತ. ಕಂಪನಿಯ ಅರ್ಧ ದುಡಿಮೆಗೆ ಇದ್ದ ದಾಖಲೆ ಆ ಪೆನ್ಸಿಲ್ ಸಾಲುಗಳೇ. ನಾನು ಉಳಿಸಿದ್ದು ಮುಖ ತೋರಿಸಿದವರನ್ನು ಮಾತ್ರ.

ಆಮೇಲೆ ಕರೆಗಳಿಗೆ ಯಾರು ಯಾರು ಹೋದರು ಎಂದು ಬರೆಯುವ ಹಾಜರಿ ಪುಸ್ತಕಗಳನ್ನು ಹಿಡಿದು ಕೂತೆ. ಅವುಗಳಲ್ಲಿ ಜೆ. ಸ್ಟೋಲ್ಟ್ಸ್‌ಫಸ್, ಎ. ಬೈಲರ್ ಎಂದಷ್ಟೇ ಇರುತ್ತದೆ. ಈ ಕೌಂಟಿಯಲ್ಲಿ ಆ ಮನೆತನದ ಹೆಸರುಗಳು ಲೆಕ್ಕವಿಲ್ಲದಷ್ಟು ಮನೆಗಳಿಗಿವೆ, ಮೊದಲ ಹೆಸರುಗಳೂ ಅವೇ ಅವೇ. ನಮ್ಮ ಹಳ್ಳಿಗಳಲ್ಲಿ ಒಂದೇ ಹೆಸರಿನ ಹತ್ತು ಮಂದಿಯನ್ನು ಅಡ್ಡಹೆಸರಿನಿಂದ ಗುರುತಿಸುವ ಹಾಗೆ ಇಲ್ಲೂ ಅಡ್ಡಹೆಸರೇ ಗತಿ. ಅದು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಹಿರಿಯರ ಮನೆ ಜಗಲಿಯಲ್ಲಿ ಕೂತು ಕೆಲವನ್ನು ಸರಿಪಡಿಸಿಕೊಂಡೆ. 1950ಕ್ಕೂ ಹಿಂದಿನವು ಸಿಗಲೇ ಇಲ್ಲ.

ಆದ್ದರಿಂದ ನಿಮ್ಮ ಪೆಟ್ಟಿಗೆಯಿಂದ ಏನನ್ನೂ ಬಿಡಿಸುವ ಮೊದಲು, ಇಡೀ ಪುಟ, ಮೊದಲಿಂದ ಕೊನೆಯವರೆಗೆ ಇದ್ದ ಕ್ರಮದಲ್ಲೇ, ಖಾಲಿ ಪುಟವನ್ನೂ ಬಿಡದೆ ಚಿತ್ರ ತೆಗೆಯಿರಿ. ಪ್ಲಾಸ್ಟಿಕ್ ಹೊದಿಕೆ ಎತ್ತಿ ಇನ್ನೊಮ್ಮೆ ತೆಗೆಯಿರಿ. ಬಿಡಿಸಿದ ಫೋಟೊದ ಹಿಂದೆ ಪುಟದ ಸಂಖ್ಯೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ. ಬಿಡದೆ ಅಂಟಿಕೊಂಡದ್ದನ್ನು ಹಾಗೇ ಇರಲು ಬಿಡಿ. ಹಾಳೆಗಳನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ಇನ್ನು ಚೀಫ್‌ಗಳ ಪಟ್ಟಿ, ದೊಡ್ಡ ಬೆಂಕಿಗಳ ಪಟ್ಟಿ ಸಿಕ್ಕಿದೆ, ಇದನ್ನೇ ಬೆಳೆಸಿದರೆ ಸಾಕಲ್ಲವೆ ಎಂದು ಕೇಳಿದ್ದೀರಿ. ಸಾಲದು. ಅದು ಕಂಪನಿಯ ಇತಿಹಾಸವೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಕಿ ಬಿದ್ದ ರಾತ್ರಿಗಳು ವರ್ಷದಲ್ಲಿ ಕೆಲವೇ. ಉಳಿದ ದಿನಗಳಲ್ಲಿ ನೀರು ಎಲ್ಲಿಂದ ತರಬೇಕು, ದುಡ್ಡು ಎಲ್ಲಿಂದ ತರಬೇಕು, ಹಗಲು ಹೊತ್ತು ಕರೆ ಬಂದರೆ ಯಾರು ಎತ್ತಬೇಕು ಎಂದು ಒದ್ದಾಡಿದ್ದೇ ಇತಿಹಾಸ.

ನೀರನ್ನೇ ನೋಡಿ. ಹಳ್ಳಿಯಲ್ಲಿ ರಸ್ತೆಬದಿಯ ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ಇಟ್ಟ ನೀರಿನ ನಲ್ಲಿ, ಇಲ್ಲ. ಕೃಷಿ ಹೊಂಡಕ್ಕೋ ಹಳ್ಳಕ್ಕೋ ಗಟ್ಟಿ ಹೀರುಕೊಳವೆ ಇಳಿಸಿ ಪಂಪಿನಿಂದ ಎಳೆಯಬೇಕು. ಎಷ್ಟೇ ಒಳ್ಳೆಯ ಪಂಪಾದರೂ ಆರೇಳು ಮೀಟರ್ ಆಳಕ್ಕಿಂತ ಕೆಳಗಿನಿಂದ ಎತ್ತುವುದು ಕಷ್ಟ, ವಾತಾವರಣದ ಒತ್ತಡ ಅದಕ್ಕಿಂತ ಹೆಚ್ಚು ಬಿಡುವುದಿಲ್ಲ. ಹೊಂಡ ದೂರವಿದ್ದರೆ ಟ್ಯಾಂಕರ್‌ಗಳು ಸಾಲಾಗಿ ಬಂದು, ನೆಲದ ಮೇಲೆ ಬಿಡಿಸಿಟ್ಟ ಮಡಚುವ ತೊಟ್ಟಿಗೆ ನೀರು ಸುರಿದು ಮತ್ತೆ ತುಂಬಿಸಲು ಓಡುತ್ತವೆ. ಸಾವಿರ ಗ್ಯಾಲನ್ ಎಂದರೆ 3,785 ಲೀಟರ್, ಹತ್ತಿರ ಹತ್ತಿರ ನಾಲ್ಕು ಟನ್ ಭಾರ. ಹೈನುಗಾರಿಕೆಯ ಊರುಗಳಲ್ಲಿ ಹಳೆಯ ಹಾಲಿನ ಟ್ಯಾಂಕರ್ ಕೊಂಡು, ಸದಸ್ಯರೇ ಬೆಸುಗೆ ಹಾಕಿ ನೀರಿನ ಲಾರಿ ಮಾಡಿಕೊಂಡದ್ದುಂಟು. ನಮ್ಮಲ್ಲೂ ಹಾಗೇ ಆಗಿತ್ತು. ಅದನ್ನು ಬೆಸೆದವರ ಹೆಸರು ಚೀಫ್‌ಗಳ ಪಟ್ಟಿಯಲ್ಲಿ ಎಲ್ಲಿ ಸಿಗುತ್ತದೆ?

ನಿಮ್ಮ ಬೆಂಕಿ ಪಟ್ಟಿಯನ್ನು ತಿಂಗಳ ಪ್ರಕಾರ ಜೋಡಿಸಿ ನೋಡಿ. ನಮ್ಮದರಲ್ಲಿ ಬಾರ್ನ್ ಬೆಂಕಿಗಳು ಜೂನ್, ಜುಲೈನಲ್ಲಿ ಗುಂಪುಗಟ್ಟಿದ್ದವು. ಉಳಿದವರಿಗೆ ಅದು ಬರೀ ದಿನಾಂಕ. ನನ್ನ ಊರು ತಿಪಟೂರಿನ ಕಡೆ. ಹಸಿ ಹುಲ್ಲು ಮೆದೆ ಹಾಕಿದರೆ ಒಳಗೆ ಕಾವು ಕಟ್ಟುತ್ತದೆ ಎಂದು ಅಪ್ಪ ಮೆದೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡುತ್ತಿದ್ದರು. ಇಲ್ಲಿಯೂ ಅದೇ. ಸರಿಯಾಗಿ ಒಣಗದ ಹುಲ್ಲನ್ನು ಕಟ್ಟಿ ಅಟ್ಟಕ್ಕೆ ಒಟ್ಟಿದರೆ ಸೂಕ್ಷ್ಮಜೀವಿಗಳಿಂದ ಬಿಸಿಯೇರಿ, ಎರಡರಿಂದ ಆರು ವಾರದೊಳಗೆ ತಾನಾಗಿ ಹೊತ್ತಿಕೊಳ್ಳಬಹುದು. ಒಳಗಿನ ಬಿಸಿ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಅಟ್ಟ ಕೆದಕಲು ಫೈರ್ ಕಂಪನಿಯವರು ಹೋಸ್ ಸಿದ್ಧವಿಟ್ಟುಕೊಂಡೇ ನಿಲ್ಲಬೇಕು, ಗಾಳಿ ತಾಗಿದೊಡನೆ ಭಗ್ಗೆನ್ನುತ್ತದೆ. ಬೆಂಕಿಯ ಪಟ್ಟಿಯ ಹಿಂದೆ ಮಳೆಯ ಲೆಕ್ಕ, ಕೊಯ್ಲಿನ ಲೆಕ್ಕ ಇದೆ. ಹೊರಗಿನವನಾದ ನಿಮಗೆ ನಿಮ್ಮ ಊರಿನಿಂದ ಏನು ಗೊತ್ತಿದೆಯೋ ಅದು ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ದುಡ್ಡಿನ ಕಥೆ ಮಹಿಳಾ ಘಟಕದ ಜಮಾಖರ್ಚು ಪುಸ್ತಕದಲ್ಲಿದೆ. ಅದನ್ನು ಬೇರೆಯಾಗಿ ಕೇಳಿ ಪಡೆಯಿರಿ, ಕಂಪನಿಯ ನಡಾವಳಿಯೊಂದಿಗೆ ಇಟ್ಟಿರುವುದಿಲ್ಲ. ಚಿಕನ್ ಕಾರ್ನ್ ಸೂಪ್, ಹೊಸ ವರ್ಷದ ಹಂದಿಮಾಂಸ ಮತ್ತು ಹುಳಿ ಎಲೆಕೋಸಿನ ಊಟ, ಬಿಂಗೊ, ಬೇಸಿಗೆಯ ಜಾತ್ರೆ. ಬೇರೆ ರಾಜ್ಯಗಳ ವಿಮಾ ಕಂಪನಿಗಳು ಇಲ್ಲಿ ಮಾರುವ ಬೆಂಕಿ ವಿಮೆಯ ಕಂತಿನ ಮೇಲಿನ ಶೇ 2 ತೆರಿಗೆಯಿಂದಲೂ ಹಣ ಬರುತ್ತದೆ. ಅದು ಹೋಗುವುದು ಸ್ವಯಂಸೇವಕರ ಪರಿಹಾರ ಸಂಘಕ್ಕೆ, ಅದರ ಲೆಕ್ಕ ತಪಾಸಣೆ ರಾಜ್ಯದ ಆಡಿಟರ್ ಜನರಲ್ ಇಲಾಖೆಯದು. ಆ ವರದಿಗಳನ್ನೂ ನೋಡಿ.

ಫೋನ್ ಬಗ್ಗೆ ಮರೆಯದೆ ಕೇಳಿ. ಕೌಂಟಿ ಕಂಟ್ರೋಲ್ ರೂಮ್, 911 ಎಂಬ ತುರ್ತು ಕರೆಯ ನಂಬರ್ ಬರುವ ಮೊದಲು ಬೆಂಕಿಯ ನಂಬರ್ ಏಕಕಾಲಕ್ಕೆ ಕೆಲವು ಸದಸ್ಯರ ಮನೆಗಳಲ್ಲಿ ರಿಂಗಾಗುತ್ತಿತ್ತು. ಎತ್ತಿದವರು ವಿಳಾಸ ಬರೆದುಕೊಂಡು ಸೈರನ್ ಗುಂಡಿ ಒತ್ತಬೇಕು. ಗಂಡಸರು ಹೊಲದಲ್ಲಿರುವ ಹಗಲು ಹೊತ್ತಿನಲ್ಲಿ ಎತ್ತುತ್ತಿದ್ದವರು ಹೆಚ್ಚಾಗಿ ಮನೆಯ ಹೆಂಗಸರು. ಅವರು ಅದೆಷ್ಟೋ ವರ್ಷ ಆ ಫೋನ್ ಬಿಟ್ಟು ಮನೆಯಾಚೆ ಹೋಗಿರಲಿಲ್ಲ. ಅವರನ್ನು ಸದಸ್ಯರೆಂದು ನಡಾವಳಿ ಪುಸ್ತಕ ಎಣಿಸಿಲ್ಲ. ನೀವು ಎಣಿಸಿ.

ಕೊನೆಗೆ ನೀವು ಕೇಳಿದ ಹೊರಗಿನವನ ಪ್ರಶ್ನೆ. ಹೊರಗಿನವನಾಗಿಯೇ ಇದ್ದು ಬರೆಯಬಹುದೆ ಎಂದರೆ, ಬೇಡ ಎನ್ನುತ್ತೇನೆ. ಸೇರಿಕೊಳ್ಳಿ. 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸುಮಾರು 3 ಲಕ್ಷ ಸ್ವಯಂಸೇವಕರಿದ್ದರು, 2018ರಲ್ಲಿ ಶಾಸಕಾಂಗಕ್ಕೆ ಕೊಟ್ಟ ವರದಿಯ ಪ್ರಕಾರ ಉಳಿದವರು ಸುಮಾರು 38,000. ದೂರದ ಊರಿಗೆ ಕೆಲಸಕ್ಕೆ ಹೋಗುವ ಜನ, ನೂರಾರು ಗಂಟೆಯ ತರಬೇತಿ, ಹೊಸ ಪಂಪರ್ ಲಾರಿಗೆ ಲಕ್ಷಗಟ್ಟಲೆ ಡಾಲರ್ ಬೆಲೆ. ಪುಸ್ತಕ ಬಿಡುಗಡೆಯ ದಿನ ಕಂಪನಿಯೇ ಪಕ್ಕದೂರಿನದರ ಜೊತೆ ವಿಲೀನವಾಗುವ ಮಾತುಕತೆಯಲ್ಲಿರಬಹುದು, ಹಾಗಾದ ಊರುಗಳಿವೆ. ಸೇರಿದವರೆಲ್ಲ ಹೊಗೆಯೊಳಗೆ ನುಗ್ಗಬೇಕಿಲ್ಲ. ಇಲ್ಲಿ ಫೈರ್ ಪೊಲೀಸ್ ಎಂಬ ಪ್ರಮಾಣವಚನದ ಹುದ್ದೆ ಇದೆ, ಅಪಘಾತ ಅಥವಾ ಬೆಂಕಿಯ ಸ್ಥಳದಲ್ಲಿ ರಸ್ತೆ ನಿಯಂತ್ರಿಸುವುದು. ನಾನು ಮಾಡುತ್ತಿರುವುದು ಅದನ್ನೇ. ಮಳೆಯಲ್ಲಿ ಒಂದು ರಾತ್ರಿ ಪಕ್ಕದಲ್ಲಿ ನಿಂತ ಹಿರಿಯರು, ನಾನು ಟೇಪ್ ರೆಕಾರ್ಡರ್ ಇಟ್ಟು ಕೇಳಿದಾಗ ಬಾಯಿಬಿಡದ ಸಂಗತಿಗಳನ್ನು ತಾವಾಗಿ ಹೇಳಿದರು.

ಒಂದು ಮಾತು ಉಳಿಯಿತು. ಲಾರಿಯ ಬಾಗಿಲ ಮೇಲೆ ಬರೆದ ಸ್ಥಾಪನೆಯ ವರ್ಷವನ್ನು ನಂಬಿ ಅಚ್ಚಿಗೆ ಕೊಡಬೇಡಿ. ಮೊದಲ ಸಭೆ, ಚಾರ್ಟರ್ ಎಂಬ ಸಂಘದ ಮಾನ್ಯತಾ ಪತ್ರ, ಮೊದಲ ಲಾರಿ, ಮೂರೂ ಬೇರೆ ಬೇರೆ ವರ್ಷದಲ್ಲಿರಬಹುದು. ಹಿಂದೆ ಚಾರ್ಟರ್ ಕೊಡುತ್ತಿದ್ದದ್ದು ಕೌಂಟಿಯ ಕೋರ್ಟ್ ಆಫ್ ಕಾಮನ್ ಪ್ಲೀಸ್. ಅದರಲ್ಲಿ ಅರ್ಜಿ ಹಾಕಿದವರ ಹೆಸರೂ ಇರುತ್ತದೆ. ಠಾಣೆಯ ಜಾಗ ಯಾರು ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದು ರೆಕಾರ್ಡರ್ ಆಫ್ ಡೀಡ್ಸ್ ಕಚೇರಿಯ ಕ್ರಯಪತ್ರದಲ್ಲಿದೆ. ಊರಿನ ಹಳೆಯ ವಾರಪತ್ರಿಕೆಗಳ ಮೈಕ್ರೋಫಿಲ್ಮ್‌ಗೆ ಹ್ಯಾರಿಸ್‌ಬರ್ಗ್‌ನ ರಾಜ್ಯ ಗ್ರಂಥಾಲಯದಲ್ಲಿ ವಿಚಾರಿಸಿ. ನಿಮ್ಮದು ಯಾವ ಕೌಂಟಿ ಎಂದು ಕೆಳಗೆ ತಿಳಿಸಿದರೆ, ಈ ದಾಖಲೆ ಕೇಳುವ ಅರ್ಜಿಯಲ್ಲಿ ಏನು ಬರೆಯಬೇಕೆಂದು ನನ್ನದರ ನಕಲು ಹಾಕುತ್ತೇನೆ.