ಓದುಗರ ಪ್ರಶ್ನೆ: ದಾಳಿಯ ಮರುದಿನ ಬರೆಯುವ ಕಾನೂನು

ಪ್ರಶ್ನೆ: ಭಯೋತ್ಪಾದಕರ ದಾಳಿಯಲ್ಲಿ ಅಮಾಯಕರು ಸತ್ತ ಬೆನ್ನಿಗೇ ಕೆಲವರು ಮಾನವ ಹಕ್ಕು, ನ್ಯಾಯಾಲಯ, ಕಾನೂನು ಪ್ರಕ್ರಿಯೆ ಎಂದು ಮಾತು ತೆಗೆಯುತ್ತಾರೆ. ಜೀವವೇ ಉಳಿಯದಿದ್ದರೆ ಹಕ್ಕುಗಳನ್ನು ಇಟ್ಟುಕೊಂಡು ಮಾಡುವುದೇನು? ಮೊದಲು ಭದ್ರತೆ, ಆಮೇಲೆ ಸ್ವಾತಂತ್ರ್ಯ ಎನ್ನುವುದರಲ್ಲಿ ತಪ್ಪೇನಿದೆ?

ಉತ್ತರ: ಪ್ರಜೆಗಳ ಪ್ರಾಣ ಕಾಪಾಡುವುದು ಯಾವುದೇ ಸರ್ಕಾರದ ಮೊದಲ ಹೊಣೆ ಎಂಬುದರಲ್ಲಿ ಎರಡು ಮಾತಿಲ್ಲ. ಬದುಕುವ ಹಕ್ಕೂ ಹಕ್ಕೇ ಆದ್ದರಿಂದ ಭದ್ರತೆ ಕೇಳುವವರನ್ನು ಪ್ರಜಾಪ್ರಭುತ್ವದ ವಿರೋಧಿಗಳೆಂದು ಕರೆಯುವುದು ಅನ್ಯಾಯ. ನನ್ನ ತಕರಾರಿರುವುದು ನಿಮ್ಮ ಮಾತಿನಲ್ಲಿ ಅಡಗಿರುವ ಒಂದು ಊಹೆಯ ಬಗ್ಗೆ: ಸ್ವಾತಂತ್ರ್ಯವನ್ನು ಎಷ್ಟು ಬಿಟ್ಟುಕೊಡುತ್ತೇವೆಯೋ ಅಷ್ಟು ಭದ್ರತೆ ಸಿಕ್ಕೇ ಸಿಗುತ್ತದೆ ಎಂಬ ಊಹೆ. ದೊಡ್ಡ ದಾಳಿಗಳ ನಂತರ ನಡೆದ ಅಧಿಕೃತ ವಿಚಾರಣೆಗಳ ವರದಿಗಳು ಈ ಊಹೆಗೆ ಹೆಚ್ಚು ಬೆಂಬಲ ಕೊಡುವುದಿಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯನ್ನು ಪರಿಶೀಲಿಸಿದ ಅಮೆರಿಕದ ಆಯೋಗ 2004ರಲ್ಲಿ ಕೊಟ್ಟ ವರದಿಯಂತೆ, ವಿಮಾನ ಅಪಹರಿಸಿದವರಲ್ಲಿ ಇಬ್ಬರ ಬಗ್ಗೆ ಗುಪ್ತಚರ ಸಂಸ್ಥೆ ಸಿಐಎಗೆ ಬಹಳ ಮೊದಲೇ ತಿಳಿದಿತ್ತು. ಆದರೆ ಅವರ ಹೆಸರು ನಿಗಾಪಟ್ಟಿಗೆ ಸೇರಿದ್ದು 2001ರ ಆಗಸ್ಟ್ ಕೊನೆಯಲ್ಲಿ. ನಾರ್ವೆಯಲ್ಲಿ 2011ರ ಜುಲೈ 22ರಂದು 77 ಜನ ಹತರಾದ ನಂತರ ರಚನೆಯಾದ ಆಯೋಗವೂ ಇಂಥದ್ದನ್ನೇ ಹೇಳಿತು. ಸರ್ಕಾರಿ ಕಚೇರಿಗಳ ಮುಂದಿನ ರಸ್ತೆಯನ್ನು ವಾಹನಗಳಿಗೆ ಮುಚ್ಚಬೇಕೆಂದು ವರ್ಷಗಳ ಹಿಂದೆಯೇ ಸಲಹೆ ಬಂದಿದ್ದರೂ ಆ ಕೆಲಸ ಮುಗಿದಿರಲಿಲ್ಲ, ಹಂತಕ ಬಾಂಬ್ ತುಂಬಿದ ವ್ಯಾನನ್ನು ಅಲ್ಲಿಯೇ ತಂದು ನಿಲ್ಲಿಸಿದ. ಎರಡು ಕಡೆಯೂ ಮುಖ್ಯವಾಗಿ ಕಂಡ ಕೊರತೆ ಅಧಿಕಾರದ್ದಲ್ಲ, ಇದ್ದ ಮಾಹಿತಿಯನ್ನು ಹಂಚಿಕೊಂಡು ಇದ್ದ ನಿರ್ಧಾರವನ್ನು ಜಾರಿಗೆ ತರುವ ಶಿಸ್ತಿನದ್ದು. ಹೊಸ ಕಾಯ್ದೆ ತರುವುದಕ್ಕಿಂತ ಇದು ಕಷ್ಟದ ಕೆಲಸ, ಸುದ್ದಿಯಾಗದ ಕೆಲಸವೂ ಹೌದು.

ಇನ್ನು ಪ್ರಕ್ರಿಯೆಯ ಮಾತು. 1974ರ ನವೆಂಬರ್ 21ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಎರಡು ಪಬ್‌ಗಳಲ್ಲಿ ಬಾಂಬ್ ಸ್ಫೋಟಿಸಿ 21 ಜನ ಸತ್ತರು. ಅದೇ ರಾತ್ರಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಕಡೆಗೆ ಹೋಗುವ ಹಡಗು ಹತ್ತಲು ಬಂದಿದ್ದ ಐವರು ಐರಿಷ್ ಮೂಲದವರನ್ನು ಬಂದರಿನಲ್ಲಿ ಹಿಡಿಯಲಾಯಿತು. ಆರನೆಯವನನ್ನು ನಂತರ ಬಂಧಿಸಿದರು. ತಾನೇ ಇಡುತ್ತಿದ್ದ ಬಾಂಬ್ ಸಿಡಿದು ಸತ್ತ, ಬ್ರಿಟಿಷ್ ಆಡಳಿತದ ವಿರುದ್ಧ ಹೋರಾಡುತ್ತಿದ್ದ ಐರಿಷ್ ಸಶಸ್ತ್ರ ಸಂಘಟನೆ ಐಆರ್‌ಎ ಸದಸ್ಯನೊಬ್ಬನ ಅಂತ್ಯಕ್ರಿಯೆಗೆ ಅವರು ಹೊರಟಿದ್ದರು, ಆದ್ದರಿಂದ ಪೊಲೀಸರಿಗೆ ಅನುಮಾನ ಬಂದದ್ದು ಸಹಜವೇ. ಕೈಗಳ ಮೇಲೆ ಸ್ಫೋಟಕದ ಅಂಶವಿದೆಯೆಂದು ಒಂದು ರಾಸಾಯನಿಕ ಪರೀಕ್ಷೆ ತೋರಿಸಿತು, ಪೊಲೀಸರ ವಶದಲ್ಲಿದ್ದಾಗ ನಾಲ್ವರು ತಪ್ಪೊಪ್ಪಿಗೆಗೆ ಸಹಿ ಹಾಕಿದರು, 1975ರಲ್ಲಿ ಆರು ಮಂದಿಗೂ ಜೀವಾವಧಿ ಶಿಕ್ಷೆಯಾಯಿತು. ಇಸ್ಪೀಟು ಎಲೆಗಳ ಮೇಲಿನ ಲೇಪವನ್ನು ಮುಟ್ಟಿದ ಕೈಯೂ ಆ ಪರೀಕ್ಷೆಯಲ್ಲಿ ಅದೇ ಫಲಿತಾಂಶ ಕೊಡಬಲ್ಲದೆಂದು ಆಮೇಲೆ ಗೊತ್ತಾಯಿತು. ಅವರು ರೈಲಿನಲ್ಲಿ ಇಸ್ಪೀಟು ಆಡುತ್ತಾ ಬಂದಿದ್ದರು. ತಪ್ಪೊಪ್ಪಿಗೆಗಳನ್ನು ಹೊಡೆದು ಬರೆಸಿಕೊಂಡರೆಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆ ರದ್ದುಪಡಿಸುವ ಹೊತ್ತಿಗೆ ಹದಿನಾರು ವರ್ಷಗಳು ಜೈಲಿನಲ್ಲಿ ಕಳೆದುಹೋಗಿದ್ದವು.

ಈ ಪ್ರಕರಣವನ್ನು ಸಾಮಾನ್ಯವಾಗಿ ಆ ಆರು ಜನರಿಗಾದ ಅನ್ಯಾಯವೆಂದು ಹೇಳುತ್ತಾರೆ. ಭದ್ರತೆಯ ಕಣ್ಣಿನಿಂದಲೇ ನೋಡಿದರೂ ಇದು ದೊಡ್ಡ ಸೋಲು: ಕೈಗೆ ಸಿಕ್ಕವರೇ ಅಪರಾಧಿಗಳೆಂದು ಕಡತ ಮುಚ್ಚಿದ್ದರಿಂದ ನಿಜವಾಗಿ ಬಾಂಬ್ ಇಟ್ಟವರು ತಪ್ಪಿಸಿಕೊಂಡರು, ಸತ್ತವರ ಕುಟುಂಬಗಳಿಗೆ ನ್ಯಾಯ ಸಿಗಲೇ ಇಲ್ಲ. ಆರೋಪಿಗೆ ವಕೀಲ ಬೇಕು, ಹೇಳಿಕೆಯನ್ನು ಬಲವಂತದಿಂದ ಪಡೆಯಬಾರದು ಎಂಬ ನಿಯಮಗಳು ಆರೋಪಿಗೆ ತೋರುವ ದಯೆ ಮಾತ್ರವಲ್ಲ. ತಪ್ಪು ಮನುಷ್ಯನನ್ನು ಹಿಡಿದು ತೃಪ್ತರಾಗದಂತೆ ತನಿಖೆಯನ್ನು ತಡೆಯುವುದೂ ಅವೇ.

ಪ್ರಶ್ನೆ: ಅಸಾಧಾರಣ ಪರಿಸ್ಥಿತಿಗೆ ಅಸಾಧಾರಣ ಕಾನೂನು ಬೇಡವೇ? ಪರಿಸ್ಥಿತಿ ತಿಳಿಯಾದ ಮೇಲೆ ಹಿಂದಕ್ಕೆ ಪಡೆದರಾಯಿತಲ್ಲ?

ಉತ್ತರ: ಬೇಕಾಗಬಹುದು. ಆದರೆ ಹಿಂದಕ್ಕೆ ಪಡೆಯುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಮೇಲೆ ಹೇಳಿದ ಸ್ಫೋಟವಾಗಿ ಎಂಟೇ ದಿನಕ್ಕೆ ಬ್ರಿಟನ್ ಭಯೋತ್ಪಾದನೆ ತಡೆ ಕಾಯ್ದೆಯನ್ನು ಜಾರಿಗೆ ತಂದಿತು. ದೋಷಾರೋಪವಿಲ್ಲದೆ ಏಳು ದಿನ ಬಂಧನದಲ್ಲಿಡಲು ಅದರಲ್ಲಿ ಅವಕಾಶವಿತ್ತು. ತಾತ್ಕಾಲಿಕ ಎಂದು ಹೇಳಿ ತಂದ ಆ ಅಧಿಕಾರಗಳನ್ನು ಮತ್ತೆ ಮತ್ತೆ ನವೀಕರಿಸುತ್ತಾ ಹೋಗಿ, ಕೊನೆಗೆ 2000ದಲ್ಲಿ ಕಾಯಂ ಕಾಯ್ದೆಯನ್ನೇ ಮಾಡಿದರು. ಫ್ರಾನ್ಸಿನಲ್ಲಿ 2015ರ ನವೆಂಬರ್‌ನಲ್ಲಿ 130 ಜನರನ್ನು ಬಲಿ ತೆಗೆದುಕೊಂಡ ಪ್ಯಾರಿಸ್ ದಾಳಿಯ ನಂತರ ಘೋಷಿಸಿದ ತುರ್ತು ಪರಿಸ್ಥಿತಿ ಸುಮಾರು ಎರಡು ವರ್ಷ ಮುಂದುವರಿಯಿತು, ಮುಗಿಯುವ ಮುನ್ನ ಅದರ ಹಲವು ಅಧಿಕಾರಗಳು ಸಾಮಾನ್ಯ ಕಾನೂನಿನೊಳಕ್ಕೆ ಸೇರಿಕೊಂಡವು. ಅಷ್ಟರಲ್ಲಿ ಅದೇ ಅಧಿಕಾರವನ್ನು ಬಳಸಿ ಹವಾಮಾನ ಹೋರಾಟಗಾರರನ್ನು ಗೃಹಬಂಧನದಲ್ಲಿಟ್ಟದ್ದೂ ಆಗಿತ್ತು! ಭಾರತದಲ್ಲಿ ಭಯೋತ್ಪಾದನೆ ತಡೆಯಲೆಂದು ತಂದ 2002ರ ಪೋಟಾ ಕಾಯ್ದೆಯನ್ನು 2004ರಲ್ಲಿ ರದ್ದು ಮಾಡಿದಾಗಲೂ ಅದರ ಕೆಲವು ಅಂಶಗಳನ್ನು ಕಾನೂನುಬಾಹಿರ ಚಟುವಟಿಕೆ ತಡೆಯುವ ಯುಎಪಿಎ ಕಾಯ್ದೆಗೆ ತಿದ್ದುಪಡಿಯ ಮೂಲಕ ಸೇರಿಸಲಾಯಿತು. ಸರ್ಕಾರಗಳು ದುಷ್ಟವಾಗಿರುವುದರಿಂದ ಹೀಗಾಗುತ್ತದೆ ಎಂದು ನಾನು ಹೇಳುವುದಿಲ್ಲ. ಕಾನೂನು ತೆಗೆದ ಮರುವಾರವೇ ಇನ್ನೊಂದು ದಾಳಿ ನಡೆದರೆ ಹೊಣೆ ಹೊರುವವರು ಯಾರು ಎಂಬ ಅಳುಕು ಯಾವ ಮಂತ್ರಿಗಾದರೂ ಇದ್ದೇ ಇರುತ್ತದೆ.

ಆದ್ದರಿಂದ ಕಾನೂನು ಎಷ್ಟು ಕಠಿಣ ಎನ್ನುವುದಕ್ಕಿಂತ ಅದು ಯಾವ ದಿನ ತಾನಾಗಿಯೇ ಮುಗಿಯುತ್ತದೆ, ಮುಂದುವರಿಸಲು ಹೊಸದಾಗಿ ಕಾರಣ ಕೊಡಬೇಕೇ, ಅದರ ಬಳಕೆಯನ್ನು ಸರ್ಕಾರದ ಹೊರಗಿನ ಯಾರು ನೋಡಬಲ್ಲರು ಎಂದು ಕೇಳುವುದು ನನಗೆ ಮುಖ್ಯವೆನಿಸುತ್ತದೆ. ಬರಿಯ ಗಡುವು ಸಾಲದು, ನೋಡುವ ಕಣ್ಣೂ ಬೇಕು. 2001ರ ದಾಳಿಯ ಬೆನ್ನಿಗೇ ತಂದ ಅಮೆರಿಕದ ಪೇಟ್ರಿಯಟ್ ಕಾಯ್ದೆಯ ಹಲವು ಕಲಮುಗಳಿಗೆ ಗಡುವು ಇತ್ತು. ಆದರೂ ಅವುಗಳಲ್ಲಿ ಒಂದಾದ 215ನೇ ಕಲಮಿನಡಿ ಕೋಟ್ಯಂತರ ಜನರ ದೂರವಾಣಿ ಕರೆಗಳ ವಿವರ ಸಂಗ್ರಹವಾಗುತ್ತಿದ್ದದ್ದು ಸಾರ್ವಜನಿಕರಿಗೆ ತಿಳಿದದ್ದು 2013ರಲ್ಲಿ, ಅದೂ ಅಲ್ಲಿನ ಗುಪ್ತಚರ ಸಂಸ್ಥೆಗೆ ಗುತ್ತಿಗೆಯ ಮೇಲೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ಮೇಲೆ. ಮರುವರ್ಷ ಅಲ್ಲಿನ ಮೇಲ್ವಿಚಾರಣಾ ಮಂಡಳಿ ಪರಿಶೀಲಿಸಿದಾಗ, ದೇಶಕ್ಕೆ ಬೆದರಿಕೆಯಿದ್ದ ಯಾವೊಂದು ಭಯೋತ್ಪಾದನಾ ತನಿಖೆಯ ಫಲಿತಾಂಶದಲ್ಲೂ ಈ ಸಂಗ್ರಹ ಸ್ಪಷ್ಟ ವ್ಯತ್ಯಾಸ ತಂದ ನಿದರ್ಶನ ಅದಕ್ಕೆ ಸಿಗಲಿಲ್ಲ. ಸಂಸತ್ತು ಗಟ್ಟಿಯಾಗಿ ನಿಂತರೆ ಬೇರೆ ದಾರಿಯೂ ಇದೆ ಎನ್ನುವುದಕ್ಕೆ ಬ್ರಿಟನ್ನಿನಲ್ಲೇ ಉದಾಹರಣೆಯುಂಟು: 2005ರಲ್ಲಿ ಲಂಡನ್ ಸ್ಫೋಟಗಳಾಗಿ ನಾಲ್ಕು ತಿಂಗಳಿಗೆ, ದೋಷಾರೋಪವಿಲ್ಲದ ಬಂಧನವನ್ನು 90 ದಿನಗಳಿಗೆ ಏರಿಸಬೇಕೆಂಬ ಸರ್ಕಾರದ ಪ್ರಸ್ತಾವವನ್ನು ಸದಸ್ಯರು 322–291 ಮತಗಳಿಂದ ತಿರಸ್ಕರಿಸಿ 28 ದಿನಕ್ಕೆ ಒಪ್ಪಿದರು, 2011ರಲ್ಲಿ ಅದು 14ಕ್ಕೆ ಇಳಿಯಿತು.

ಪ್ರಶ್ನೆ: ಜನರಿಗೆ ಹೆದರಿಕೆಯಾಗುವುದು ತಪ್ಪೇ? ಹೆದರಬೇಡಿ ಎಂದು ಉಪದೇಶ ಮಾಡುವುದು ಸುಲಭ.

ಉತ್ತರ: ತಪ್ಪಲ್ಲ, ಉಪದೇಶದಿಂದ ಹೆದರಿಕೆ ಹೋಗುವುದೂ ಇಲ್ಲ. ಆದರೆ ಅಪಾಯ ಎಲ್ಲಿದೆ ಎಂದು ಹೇಳುವುದರಲ್ಲಿ ಭಯ ಅಷ್ಟೇನೂ ನಂಬಿಕಸ್ಥವಲ್ಲ. 2001ರ ದಾಳಿಯ ನಂತರ ಬಹಳಷ್ಟು ಅಮೆರಿಕನ್ನರು ವಿಮಾನ ಬಿಟ್ಟು ಕಾರಿನಲ್ಲಿ ಓಡಾಡಿದರು. ಇದರಿಂದ ಒಂದು ವರ್ಷದಲ್ಲಿ ಸುಮಾರು 1,500 ಜನ ಹೆಚ್ಚಾಗಿ ರಸ್ತೆ ಅಪಘಾತದಲ್ಲಿ ಸತ್ತರೆಂದು ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ ಅಂದಾಜು ಮಾಡಿದ್ದಾರೆ. ಭಯ ಒಂದು ಸಮುದಾಯದ ಮೇಲೆ ತಿರುಗಿದಾಗ ಆಗುವ ಹಾನಿ ಇದಕ್ಕಿಂತ ಕೆಟ್ಟದ್ದು. ಜಪಾನಿನೊಂದಿಗೆ ಯುದ್ಧ ನಡೆಯುತ್ತಿದ್ದಾಗ, 1942ರಲ್ಲಿ, ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಸುಮಾರು 1,20,000 ಜನರನ್ನು ಅಮೆರಿಕ ಶಿಬಿರಗಳಲ್ಲಿ ಕೂಡಿಹಾಕಿತು, ಅವರಲ್ಲಿ ಹೆಚ್ಚಿನವರು ಆ ದೇಶದ ಪ್ರಜೆಗಳೇ. ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಡುವ ಕಾಯ್ದೆ ಬಂದದ್ದು 1988ರಲ್ಲಿ.

ಪ್ರಶ್ನೆ: ಭಯೋತ್ಪಾದಕನಿಗೂ ಮಾಮೂಲಿ ನ್ಯಾಯಾಲಯವೇ? ಅಷ್ಟು ನಿಧಾನದ ವ್ಯವಸ್ಥೆಯಲ್ಲಿ ಅವನಿಗೆ ಶಿಕ್ಷೆಯಾಗುವುದು ಯಾವಾಗ?

ಉತ್ತರ: ನಿಧಾನದ ಲೆಕ್ಕಕ್ಕೇ ಬರೋಣ. ನಾರ್ವೆಯ ಹಂತಕನ ವಿಚಾರಣೆ ಓಸ್ಲೋ ನಗರದ ಸಾಮಾನ್ಯ ನ್ಯಾಯಾಲಯದಲ್ಲಿ ನಡೆದು, ದಾಳಿಯಾಗಿ ಹದಿಮೂರು ತಿಂಗಳಿಗೆ ತೀರ್ಪು ಬಂತು. 21 ವರ್ಷಗಳ ಆ ಬಂಧನವನ್ನು ಅವನು ಅಪಾಯಕಾರಿಯಾಗಿಯೇ ಇದ್ದರೆ ಮತ್ತೂ ವಿಸ್ತರಿಸಬಹುದು. 1993ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಬಾಂಬ್ ಇಟ್ಟ ರಾಮ್ಜಿ ಯೂಸೆಫ್‌ನನ್ನು 1995ರಲ್ಲಿ ಹಿಡಿದು, ಅದೇ ನಗರದ ಸಾಮಾನ್ಯ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಿ, 1998ರ ಜನವರಿಯಲ್ಲಿ ಜೀವಾವಧಿ ಶಿಕ್ಷೆ ವಿಧಿಸಲಾಯಿತು. ಅವನ ಸೋದರಮಾವ, 2001ರ ದಾಳಿಯ ಸೂತ್ರಧಾರನೆನ್ನಲಾದ ಖಾಲಿದ್ ಶೇಖ್ ಮೊಹಮ್ಮದ್ ಸಿಕ್ಕಿಬಿದ್ದದ್ದು 2003ರಲ್ಲಿ. ಅವನನ್ನು ಮೊದಲು ಗುಪ್ತ ಸೆರೆಮನೆಗಳಲ್ಲಿಟ್ಟು ಮುಖಕ್ಕೆ ನೀರು ಸುರಿದು ಉಸಿರುಗಟ್ಟಿಸುವ ಚಿತ್ರಹಿಂಸೆ ಕೊಟ್ಟು, ನಂತರ ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ನೆಲೆ ಗ್ವಾಂಟನಾಮೋದ ಮಿಲಿಟರಿ ಆಯೋಗದ ಮುಂದೆ ನಿಲ್ಲಿಸಿದರು. ಚಿತ್ರಹಿಂಸೆಯ ನಂತರ ಪಡೆದ ಹೇಳಿಕೆಗಳನ್ನು ಸಾಕ್ಷ್ಯವಾಗಿ ಬಳಸಬಹುದೇ ಎಂಬ ವಾದದಲ್ಲೇ ವರ್ಷಗಳು ಉರುಳಿ, ಇಪ್ಪತ್ತು ವರ್ಷ ದಾಟಿದ ಮೇಲೂ ಆ ಮೊಕದ್ದಮೆ ವಿಚಾರಣೆಯ ಪೂರ್ವಹಂತದಲ್ಲೇ ಉಳಿದಿತ್ತು.